ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಏಕೆ ನಡುಗುತ್ತದೆ?

ಬೀದರ್ ಕಡೆಯಿಂದ ಹೈದರಾಬಾದಿಗೆ ಕಾರಿನಲ್ಲಿ ಓಡಾಡುವ ನಮ್ಮವರಿಗೆ ಆ ದಾರಿ ಬಾಯಿಪಾಠ. ಜಹೀರಾಬಾದ್, ಸದಾಶಿವಪೇಟೆ, ಸಂಗಾರೆಡ್ಡಿ ದಾಟಿದರೆ ಪಟಾನ್‌ಚೆರು. ಅಲ್ಲಿಗೆ ಊರು ಬಂದಂತೆಯೇ. ಒಂದು ಸಂಜೆ ನಾವು ಹಾಗೆ ಬರುತ್ತಿದ್ದೆವು. ಮುತ್ತಂಗಿ ಹತ್ತಿರ ಮುಂದಿನ ಲಾರಿ ನಿಧಾನವಾಯಿತು, ನಾನು ಬ್ರೇಕ್ ಒತ್ತಿದೆ. ಸ್ಟೇರಿಂಗ್ ಅಂಗೈಯೊಳಗೆ ಗಡಗಡ ನಡುಗತೊಡಗಿತು. ವೇಗ ಇಳಿದಂತೆ ನಡುಕವೂ ನಿಧಾನವಾಗಿ, ಕಾರು ನಿಲ್ಲುವ ಹೊತ್ತಿಗೆ ಪೂರ್ತಿ ಅಡಗಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಗಾಲಿ ಏನಾರ ಲೂಜ್ ಆಗೇದೇನ್ರಿ?" ಎಂದಳು. ಗಾಲಿ ಬಿಗಿಯಾಗಿಯೇ ಇತ್ತು. ಆದರೆ ಅವಳ ಅನುಮಾನ ಕಾರಣದ ತೀರ ಹತ್ತಿರಕ್ಕೆ ಹೋಗಿತ್ತೆಂದು ನನಗೆ ತಿಳಿದದ್ದು ಎಂಟು ತಿಂಗಳ ನಂತರ.

ಈ ನಡುಕವನ್ನು ಅರ್ಥ ಮಾಡಿಕೊಳ್ಳಲು ಬ್ರೇಕಿನ ಕೆಲಸವನ್ನು ಮೊದಲು ನೋಡೋಣ. ಬ್ರೇಕ್ ಎಂದರೆ ಓಟವನ್ನು ಶಾಖವಾಗಿ ಮಾರ್ಪಡಿಸುವ ಸಾಧನ. ಸಾವಿರ ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತಾಗ ಹುಟ್ಟುವ ಶಾಖದಲ್ಲಿ ಒಂದು ಲೀಟರ್ ತಣ್ಣೀರು ಕುದಿಬಂದು, ಇನ್ನಷ್ಟು ಶಾಖ ಮಿಗುತ್ತದೆ. ಇದೆಲ್ಲವೂ ಕೆಲವೇ ಸೆಕೆಂಡುಗಳಲ್ಲಿ. ಚಕ್ರದ ಜೊತೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಬದಿಯಿಂದ ಅವುಚಿ ಹಿಡಿಯುವುದು ಪ್ಯಾಡ್. ಪ್ಯಾಡನ್ನು ಒತ್ತುವ ಇಕ್ಕಳದಂಥ ಭಾಗ ಕ್ಯಾಲಿಪರ್. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇದ್ದರೆ ಹಿಡಿತವೂ ಒಂದೇ ಸಮ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾದರೆ ಪ್ರತಿ ಸುತ್ತಿಗೂ ಹಿಡಿತ ಒಮ್ಮೆ ಬಿಗಿ, ಒಮ್ಮೆ ಸಡಿಲ. 100ರ ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಕಡಿಮೆಯೆಂದರೂ ಹದಿನೈದು ಸಲ ಸ್ಟೇರಿಂಗಿಗೆ ಏಟು ಬೀಳುತ್ತದೆ. ನಡುಕ ಎಂದರೆ ಇದೇ.

ಎಷ್ಟು ವ್ಯತ್ಯಾಸವಾದರೆ ನಡುಕ ಶುರುವಾದೀತು? ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಸಾಕು. ನಮ್ಮ ತಲೆಗೂದಲಿನ ದಪ್ಪ ಇದರ ಮೂರು ಪಟ್ಟಿಗೂ ಹೆಚ್ಚು. ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ಈ ದೋಷ ಇಡೀ ಕಾರನ್ನು ಅಲುಗಿಸುತ್ತದೆ.

ಮೆಕ್ಯಾನಿಕ್‌ನ ಹತ್ತಿರ ಹೋಗುವ ಮೊದಲು ನೀವೇ ಕೆಲವು ಸಂಗತಿ ಗಮನಿಸಬಹುದು. ಬ್ರೇಕ್ ಮುಟ್ಟದೆ ಓಡಿಸುವಾಗಲೂ ಒಂದು ವೇಗದಲ್ಲಿ ಅದುರಿದರೆ ಅದು ಬ್ರೇಕಿನ ದೋಷವಲ್ಲ. ವೀಲ್ ಬ್ಯಾಲೆನ್ಸಿಂಗ್, ಟೈರ್, ರಿಮ್ಮು ನೋಡಿಸಿ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಡಿಸ್ಕುಗಳ ಕೆಲಸ. ಸ್ಟೇರಿಂಗ್ ತೆಪ್ಪಗಿದ್ದು ಸೀಟು, ಪೆಡಲ್ ನಡುಗಿದರೆ ಹಿಂದಿನ ಚಕ್ರಗಳ ಮೇಲೆ ಅನುಮಾನ ಬರಬೇಕು. ನಮ್ಮ ಸಣ್ಣ ಕಾರುಗಳಲ್ಲಿ ಹಿಂದೆ ಇರುವುದು ಹೆಚ್ಚಾಗಿ ಡ್ರಮ್ ಬ್ರೇಕ್. ಡ್ರಮ್ಮಿನ ದುಂಡು ಕೆಟ್ಟರೂ ನಡುಕ ಬರುತ್ತದೆ. ಇನ್ನು, ಗಕ್ಕನೆ ಬ್ರೇಕ್ ಒತ್ತಿದಾಗ ಪೆಡಲ್ ಕಾಲಡಿ ಟಕಟಕ ಬಡಿದರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುವ ಸದ್ದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಈ ವ್ಯವಸ್ಥೆ ಕಡ್ಡಾಯವಾಗಿದೆ. ಆ ಬಡಿತಕ್ಕೆ ಹೆದರಿ ಕಾಲು ತೆಗೆಯಬೇಡಿ.

ಈಗ ನನ್ನ ಕಾರಿನ ವಿಷಯಕ್ಕೆ ಬರುತ್ತೇನೆ. ಮೊದಲು ಹೋದ ಗ್ಯಾರೇಜಿನಲ್ಲಿ, "ಡಿಸ್ಕ್ ಬೆಂಡ್ ಆಗಿದೆ" ಎಂದು ಹೇಳಿ ಮುಂದಿನ ಎರಡೂ ಡಿಸ್ಕ್, ಪ್ಯಾಡ್ ಬದಲಿಸಿದರು. ಕಾರು ಬೆಣ್ಣೆಯ ಹಾಗೆ ನಿಲ್ಲತೊಡಗಿತು. ಎಂಟು ತಿಂಗಳು, ಸುಮಾರು ಏಳು ಸಾವಿರ ಕಿಲೋಮೀಟರ್ ಕಳೆಯುವಷ್ಟರಲ್ಲಿ ನಡುಕ ತಿರುಗಿ ಬಂತು. ಡಿಸ್ಕ್ ಹೊಸದು, ಪ್ಯಾಡ್ ಹೊಸದು, ಹಾಗಾದರೆ ಇದೇನು?

ಸಿಕಂದರಾಬಾದಿನ ರಾಣಿಗಂಜಿನ ಹತ್ತಿರ, ಒಂದು ಗಲ್ಲಿಯಲ್ಲಿದ್ದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ನನ್ನ ಮಾತೆಲ್ಲ ಕೇಳಿ ಹೇಳಿದ್ದು ಇಷ್ಟೇ: "ಡಿಸ್ಕ್ ನಕ್ಕೋ ಬದಲೋ ಸಾಬ್, ಪೈಲೇ ಹಬ್ ದೇಖೋ." ಡಿಸ್ಕ್ ಬದಲಿಸುವುದು ಬೇಡ, ಮೊದಲು ಡಿಸ್ಕ್ ಕೂರುವ ಹಬ್ ನೋಡಿ ಎಂದು. ಚಕ್ರ ಬಿಚ್ಚಿದರು, ಡಿಸ್ಕನ್ನು ನಟ್ಟುಗಳಿಂದ ಬಿಗಿ ಮಾಡಿದರು, ಡಯಲ್ ಗೇಜಿನ ಮೊನೆಯನ್ನು ಡಿಸ್ಕಿನ ಅಂಚಿನಿಂದ ಒಂದು ಬೆರಳು ಒಳಗೆ ಇಟ್ಟು ಕೈಯಿಂದ ಮೆಲ್ಲಗೆ ತಿರುಗಿಸಿದರು. ಮುಳ್ಳು ಹನ್ನೆರಡು ಗೆರೆ ಹೋಗಿ ವಾಪಸು ಬಂತು. ಅಂದರೆ 0.12 ಮಿಲಿಮೀಟರ್ ಓಲಾಟ. ಬಹಳ ಕಾರುಗಳಲ್ಲಿ ಇದು 0.05 ದಾಟಬಾರದು. ಆಮೇಲೆ ಅವರು ಡಿಸ್ಕ್ ತೆಗೆದು ಹಬ್ಬಿನ ಮುಖ ತೋರಿಸಿದರು. ಮಳೆನೀರು ಕುಡಿದ ಹಳೆಯ ತುಕ್ಕು ಒಂದು ಪಕ್ಕದಲ್ಲಿ ಹೆಕ್ಕಳೆಯಾಗಿ ಕೂತಿತ್ತು. ಹೊಸ ಡಿಸ್ಕನ್ನು ಅದರ ಮೇಲೆಯೇ ಕೂರಿಸಿ ಬಿಗಿದಿದ್ದರು!

ಬಾಲ್ಯದಲ್ಲಿ ಸೈಕಲ್ ಓಡಿಸಿದವರಿಗೆ ಇದು ಬೇಗ ಹೊಳೆಯುತ್ತದೆ. ಚಕ್ರ ಬೆಂಡಾದರೆ ಬ್ರೇಕ್ ಹಿಡಿಯದಿದ್ದರೂ ಪ್ರತಿ ಸುತ್ತಿನಲ್ಲಿ ಒಂದೇ ಜಾಗಕ್ಕೆ ರಬ್ಬರ್ ತಾಗಿ ಚರ್ ಚರ್ ಎನ್ನುತ್ತದೆ. ಕಾರಿನಲ್ಲೂ ಅದೇ. ಓರೆಯಾಗಿ ಕೂತ ಡಿಸ್ಕ್ ಪ್ರತಿ ಸುತ್ತಿಗೂ ಪ್ಯಾಡಿಗೆ ಒಂದೇ ಕಡೆ ತಾಗಿ, ಆ ಜಾಗ ಮಾತ್ರ ಸವೆಯುತ್ತ ಹೋಗುತ್ತದೆ. ಹೊಸತರಲ್ಲಿ ಏನೂ ಗೊತ್ತಾಗುವುದಿಲ್ಲ. ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ದಪ್ಪದಲ್ಲಿ ಏರುಪೇರಾಗಿ ನಡುಕ ಶುರುವಾಗುತ್ತದೆ. ಎಲ್ಲರೂ ಹೇಳುವ ಹಾಗೆ ಡಿಸ್ಕ್ ಕಾದು ಬೆಂಡಾಗುವುದು ಅಪರೂಪ. ಓರೆ ಕೂತು ಸವೆಯುವುದೇ ಹೆಚ್ಚು. ನನ್ನ ಹೊಸ ಡಿಸ್ಕುಗಳು ಎಂಟು ತಿಂಗಳಲ್ಲಿ ಕೆಟ್ಟದ್ದು ಹೀಗೆ.

ಆ ಹಿರಿಯರು ಹಬ್ಬನ್ನು ವೈರ್ ಬ್ರಷ್ಷಿನಿಂದ, ಎಮರಿ ಪೇಪರಿನಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿದರು. ಸವೆದ ಡಿಸ್ಕನ್ನು ಲೇತಿಗೆ ಕಳಿಸಿ ತೆಳ್ಳಗೆ ಹೆರೆಸಿದರು. ಹೆರೆದ ಮೇಲೂ ದಪ್ಪ ಕನಿಷ್ಠ ಮಿತಿಗಿಂತ ಹೆಚ್ಚಿದೆಯೇ ಎಂದು ಮೈಕ್ರೋಮೀಟರಿನಲ್ಲಿ ಅಳೆದರು. ಆ ಮಿತಿಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ, ಅದಕ್ಕಿಂತ ತೆಳುವಾದದ್ದನ್ನು ಬದಲಿಸಲೇಬೇಕು. ಮತ್ತೆ ಕೂರಿಸಿದಾಗ ಮುಳ್ಳು ಮೂರೇ ಗೆರೆ ಅಲುಗಿತು.

ಇದೇ ನಡುಕಕ್ಕೆ ಬೇರೆ ಕಾರಣಗಳೂ ಇವೆ. ಕ್ಯಾಲಿಪರ್ ಜಾರುವ ಪಿನ್ನುಗಳಲ್ಲಿ ಗ್ರೀಸ್ ಒಣಗಿ ಅವು ಹಿಡಿದುಕೊಂಡರೆ ಪ್ಯಾಡ್ ಹಿಂದಕ್ಕೆ ಸರಿಯದೆ ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಆ ಚಕ್ರ ಬೇರೆ ಚಕ್ರಗಳಿಗಿಂತ ಬಿಸಿಯಾಗುತ್ತದೆ. ಸವೆದ ಬುಷ್, ಸಡಿಲವಾದ ಬಾಲ್ ಜಾಯಿಂಟ್ ಇದ್ದರೆ ಸಣ್ಣ ನಡುಕವೂ ದೊಡ್ಡದಾಗುತ್ತದೆ. ಹಾಗೆಯೇ ಪಂಕ್ಚರ್ ಅಂಗಡಿಯಲ್ಲಿ ನಟ್ಟು ಬಿಗಿಯುವ ಗಾಳಿ ಗನ್ನು. ಒಂದು ನಟ್ಟು ಅತಿ ಬಿಗಿ, ಇನ್ನೊಂದು ಸಡಿಲ ಆದರೆ ಡಿಸ್ಕ್ ಅಷ್ಟಷ್ಟೇ ಓರೆಯಾಗುತ್ತದೆ. ನಟ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ ಬಿಗಿಸಬೇಕು. ಎಷ್ಟು ಬಿಗಿ ಎಂಬುದು ಕಾರಿನ ಕೈಪಿಡಿಯಲ್ಲೇ ಇರುತ್ತದೆ. ನನ್ನ ಹೆಂಡತಿ ಕೇಳಿದ ಪ್ರಶ್ನೆ ಎಷ್ಟು ಹತ್ತಿರದ್ದೆಂದು ಈಗ ನಿಮಗೂ ತಿಳಿದಿರಬೇಕು.

ಓಡಿಸುವವರ ಕೈಯಲ್ಲೂ ಬಹಳವಿದೆ. ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇಯಲ್ಲಿ ಮೆಹದಿಪಟ್ನಂನಿಂದ 11.6 ಕಿಲೋಮೀಟರ್ ರಭಸದಿಂದ ಬಂದು ಆರಾಂಘರ್ ಕಡೆ ಇಳಿದಾಗ, ಜೋರಾಗಿ ಬ್ರೇಕ್ ಹಾಕಿ, ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿ ಹಿಡಿದು ನಿಲ್ಲಬೇಡಿ. ಪ್ಯಾಡಿನ ಪದಾರ್ಥ ಅಲ್ಲೇ ಅಚ್ಚೊತ್ತಿದಂತೆ ಕಚ್ಚಿಕೊಂಡು ಅಲ್ಲಿಂದಲೇ ಏರುಪೇರು ಶುರುವಾದೀತು. ದೂರದಿಂದಲೇ ವೇಗ ಇಳಿಸಿ, ಇಳಿಜಾರಿನಲ್ಲಿ ಗೇರ್ ಕೆಳಗಿಳಿಸಿ. ಬಿಸಿ ಡಿಸ್ಕಿಗೆ ತಣ್ಣೀರು ಬಿಡಿಸಬೇಡಿ. ಹೊಸ ಪ್ಯಾಡ್ ಹಾಕಿದ ದಿನ ಖಾಲಿ ರಸ್ತೆಯಲ್ಲಿ ವೇಗವನ್ನು 60ರಿಂದ 20ಕ್ಕೆ ಮೆಲ್ಲಗೆ ಎಂಟು ಹತ್ತು ಸಲ ಇಳಿಸಿ, ನಿಲ್ಲಿಸದೆ, ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡಿ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಹೆಚ್ಚಿದಂತೆ ಕುದಿಬಿಂದು ಇಳಿಯುತ್ತದೆ. ಡಾಟ್ 3 ದರ್ಜೆಯ ಎಣ್ಣೆಗೆ ಹೊಸತರಲ್ಲಿ ಕನಿಷ್ಠ 205 ಡಿಗ್ರಿ ಇರಬೇಕು, ತೇವ ಹೀರಿದ ಮೇಲೆ ಆ ಮಿತಿ 140. ಎಣ್ಣೆ ಕುದಿದರೆ ಪೆಡಲ್ ಟೊಳ್ಳಾಗಿ ಒಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಕೇಳುಗರೇ, ನಡುಕವನ್ನು ರೂಢಿಯೆಂದು ಬಿಡಬೇಡಿ. ಅದು ಬ್ರೇಕ್ ಆಡುವ ಮೊದಲ ಮಾತು. ಹಾಗೆಂದು ಮೊದಲು ಡಿಸ್ಕ್ ಕೊಳ್ಳಲೂ ಹೋಗಬೇಡಿ. ಮೆಕ್ಯಾನಿಕ್‌ನನ್ನು ಮೂರು ಮಾತು ಕೇಳಿ: ಹಬ್ಬನ್ನು ಉಜ್ಜಿದಿರಾ? ಓಲಾಟ ಎಷ್ಟೆಂದು ಅಳೆದಿರಾ? ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿದಿರಾ? ಮೂರಕ್ಕೂ ಹೌದು ಎಂಬ ಉತ್ತರ ಸಿಕ್ಕ ಮೇಲೆ ಮಾತ್ರ ಹೊಸ ಡಿಸ್ಕಿಗೆ ದುಡ್ಡು ಕೊಡಿ.