ಕಾಸ್ ಬಯಲಿನಲ್ಲಿ ಮಕ್ಕಳೊಂದಿಗೆ ಒಂದು ದಿನ

ಗಣಪತಿ ಹಬ್ಬ ಮುಗಿಯುತ್ತಿದ್ದಂತೆ ಮುಂಬಯಿ, ಪುಣೆಯ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ರಜೆಗೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ? ಮಾಲ್ ಆಯಿತು, ವಾಟರ್ ಪಾರ್ಕೂ ಆಯಿತು. ಇಂದು ನಿಮ್ಮನ್ನು ಒಂದು ಬೋಳು ಬಯಲಿಗೆ ಕರೆಯುತ್ತಿದ್ದೇನೆ.

ಸಾತಾರಾದಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ಘಾಟಿ ಹತ್ತಿದರೆ ಕಾಸ್ ಪಠಾರ ಸಿಗುತ್ತದೆ. ಸುಮಾರು 1,200 ಮೀಟರ್ ಎತ್ತರದಲ್ಲಿ, ಮರಗಳೇ ವಿರಳವಾದ, ಗಾಳಿ ಬೀಸುವ, ಮಂಜು ಕವಿಯುವ ನೆಲ. ಇಂಗ್ಲಿಷ್ ಕಾದಂಬರಿಗಳಲ್ಲಿ ಬರುವ ಮೂರ್ ಬಯಲುಗಳು ನೆನಪಾಗುತ್ತವೆ. ಆದರೆ ಅಲ್ಲಿ ಕಾಲಡಿ ಒದ್ದೆಯಾದ ಮೆತ್ತನೆಯ ಕಪ್ಪು ಮಣ್ಣು, ಇಲ್ಲಿ ಗಟ್ಟಿ ಮುರಕಲ್ಲು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಇದೂ ಒಂದು. ಬೇಸಿಗೆಯಲ್ಲಿ ಹೋದವರು "ಇಲ್ಲೇನಿದೆ?" ಎಂದು ತಿರುಗಿ ಬರುತ್ತಾರೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಹೋದರೆ ಅದೇ ಕಲ್ಲಿನ ಮೇಲೆ ನೀಲಿ, ಹಳದಿ, ಗುಲಾಬಿ ಬಣ್ಣದ ಹೂಗಳು.

ಆದರೆ ಪತ್ರಿಕೆಗಳಲ್ಲಿ ಬರುವ ಹೂವಿನ ಜಮಖಾನದ ಚಿತ್ರವನ್ನು ಮಕ್ಕಳಿಗೆ ಮೊದಲೇ ತೋರಿಸಬೇಡಿ. ಅದನ್ನು ನೋಡಿ ಹೋದ ಮಗು ದೂರದ ಬಣ್ಣವನ್ನೇ ಹುಡುಕುತ್ತದೆ. ಕಾಸ್‌ನ ನಿಜವಾದ ಸೊಗಸು ಇರುವುದು ಗೇಣು ಎತ್ತರದೊಳಗೆ. ದೊಡ್ಡವರು ಸೊಂಟ ಬಗ್ಗಿಸಬೇಕು, ಮಕ್ಕಳಿಗೆ ಕುಕ್ಕರುಗಾಲಿನಲ್ಲಿ ಕೂತರೆ ಸಾಕು. ಮನೆಯಿಂದ ಒಂದು ಭೂತಗನ್ನಡಿ ಒಯ್ಯಿರಿ.

ಮೊದಲು ಹುಡುಕಬೇಕಾದದ್ದು ಮರಾಠಿಗರು 'ಸೀತೆಯ ಕಣ್ಣೀರು' ಎಂದು ಕರೆಯುವ ನೀಲಿ ಹೂವು. ನೋಡಲು ಬಲು ಸಾಧು. ಆದರೆ ನೀರು ಜಿನುಗುವ ಮಣ್ಣಿನೊಳಗೆ ಅದಕ್ಕೆ ಸಾಸಿವೆಗಿಂತಲೂ ಚಿಕ್ಕ ಚೀಲಗಳಿವೆ. ಹತ್ತಿರ ಸುಳಿದ ಸೂಕ್ಷ್ಮ ಜೀವಿಯನ್ನು ಆ ಚೀಲ ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಪಕ್ಕದಲ್ಲೇ 'ದವಬಿಂದು' ಸಿಗಬಹುದು. ಎಲೆಯ ರೋಮಗಳ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವುದು ಅಂಟು. ಕೂತ ನೊಣ ಮತ್ತೆ ಹಾರುವುದಿಲ್ಲ. "ಗಿಡ ಯಾಕೆ ಹುಳ ತಿನ್ನುತ್ತೆ ಅಪ್ಪಾ?" ಎಂದು ಮಗು ಕೇಳಿಯೇ ಕೇಳುತ್ತದೆ. ಉತ್ತರ ಕಾಲಡಿಯಲ್ಲೇ ಇದೆ. ಬಂಡೆಯ ಮೇಲೆ ಮಣ್ಣು ಕೆಲವೇ ಬೆರಳಷ್ಟು. ಅದರ ಸಾರವನ್ನೆಲ್ಲ ಮಳೆ ತೊಳೆದುಕೊಂಡು ಹೋಗಿರುತ್ತದೆ. ಮಣ್ಣಿನಲ್ಲಿ ಸಿಗದ ಸಾರಜನಕವನ್ನು ಗಿಡ ಹುಳದಿಂದ ಪಡೆಯುತ್ತದೆ. ಇಷ್ಟು ಹೇಳಿದರೆ ಏಳು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಇನ್ನು ಕೆಂಪು ಚುಕ್ಕೆಯ ಹಳದಿ 'ಮಿಕಿ ಮೌಸ್' ಹೂವನ್ನು ನೀವು ತೋರಿಸಬೇಕಾಗಿಲ್ಲ, ಅವರೇ ನಿಮಗೆ ತೋರಿಸುತ್ತಾರೆ!

ಒಂದು ಆಟ ಹೇಳುತ್ತೇನೆ. ಒಂದು ಮೀಟರ್ ದಾರದ ತುದಿಗಳನ್ನು ಗಂಟು ಹಾಕಿ, ಕಾಲುದಾರಿಯ ಅಂಚಿನಲ್ಲಿ ವೃತ್ತ ಮಾಡಿ ಇಡಿ. ಅದರೊಳಗೆ ಎಷ್ಟು ಬಗೆಯ ಎಲೆ, ಎಷ್ಟು ಹುಳ ಎಂದು ಮಕ್ಕಳು ಎಣಿಸಿ ಚಿತ್ರ ಬರೆಯಲಿ. ಅರ್ಧ ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ.

ದಾರಿ ಬಿಟ್ಟು ಒಳಗೆ ಕಾಲಿಡಬೇಡಿ. ಫೋಟೋಗಾಗಿ ಹೂವಿನ ನಡುವೆ ಮಗುವನ್ನು ಕೂರಿಸುವ ತಂದೆತಾಯಿಗಳನ್ನು ಅಲ್ಲಿ ಕಾಣುತ್ತೀರಿ. ಬೀಜವಾಗುವ ಮೊದಲೇ ಗಿಡ ತುಳಿತಕ್ಕೆ ಸಿಕ್ಕರೆ ಮುಂದಿನ ವರ್ಷ ಅಲ್ಲಿ ಮೊಳೆಯಲು ಬೀಜವೇ ಕಡಿಮೆ. ಅಷ್ಟು ತೆಳು ಮಣ್ಣು ಒಮ್ಮೆ ಕಿತ್ತುಹೋದರೆ ಮತ್ತೆ ಕೂಡಲು ಎಷ್ಟೋ ವರ್ಷ ಬೇಕು. ಜನಜಂಗುಳಿ ತಡೆಯಲೆಂದೇ ದಿನದ ಪ್ರವೇಶಕ್ಕೆ ಮಿತಿ ಹಾಕಿ, ಮುಂಗಡ ಬುಕಿಂಗ್ ವ್ಯವಸ್ಥೆ ತಂದಿದ್ದಾರೆ. ವಿಚಾರಿಸಿಕೊಂಡೇ ಹೊರಡಿ. ಸಾಧ್ಯವಾದರೆ ಶನಿವಾರ, ಭಾನುವಾರ ಬೇಡ.

ಬಿಡಿ ಕಲ್ಲುಗಳನ್ನು ಎತ್ತಲು ಮಕ್ಕಳನ್ನು ಬಿಡಬೇಡಿ, ಅಡಿಯಲ್ಲಿ ಚೇಳೋ ಹಾವೋ ಇರಬಹುದು. ಮಂಜು ಕವಿದರೆ ಹತ್ತು ಹೆಜ್ಜೆಯಾಚೆ ಏನೂ ಕಾಣಿಸದು, ಬಯಲಿನ ಅಂಚಿನಲ್ಲಿ ಕಡಿದಾದ ಇಳಿಜಾರಿದೆ. ಚಿಕ್ಕವರ ಕೈ ಹಿಡಿದಿರಿ. ಗುಡುಗು ಕೇಳಿಸಿದ ಕೂಡಲೇ ಗಾಡಿಗೆ ಮರಳಿ. ಬೋಳು ಬಯಲಿನಲ್ಲಿ ಅತಿ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಕೊಡೆ ಗಾಳಿಗೆ ನಿಲ್ಲುವುದಿಲ್ಲ, ರೇನ್‌ಕೋಟೇ ಸರಿ. ಬೇರೊಂದು ಜೊತೆ ಕಾಲುಚೀಲ, ಒಣಬಟ್ಟೆ ಇರಲಿ.

ಚೌತಿಗೆ ಮಂಗಳೂರು, ಉಡುಪಿ ಕಡೆಗೆ ಹೋಗುವವರು ಸಾತಾರಾದ ದಾರಿ ಹಿಡಿಯಬೇಕೆಂದೇನೂ ಇಲ್ಲ. ಅಲ್ಲಿ 'ಪದವು' ಎನ್ನುತ್ತೇವಲ್ಲ, ಅದೂ ಇಂಥದೇ ಮುರಕಲ್ಲಿನ ಬಯಲು. ಎತ್ತರ ಕಡಿಮೆ ಅಷ್ಟೆ. ಎಷ್ಟೋ ಪದವುಗಳು ಕಲ್ಲಿನ ಕೋರೆಗೆ, ಕಟ್ಟಡಗಳಿಗೆ ಹೋದವು. ಖಾಲಿ ಜಾಗ ಎಂದೇ ಅವಕ್ಕೆ ಹೆಸರಿತ್ತು. ನಿಮ್ಮ ಮನೆಯ ಹತ್ತಿರ ಒಂದು ಉಳಿದಿದ್ದರೆ, ಮಳೆ ನಿಂತ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ನೀರು ಜಿನುಗುವ ಕಡೆ ಆ ನೀಲಿ ಹೂವನ್ನು ಹುಡುಕಿ. ಸಿಕ್ಕಿದರೆ ಕೀಳಬೇಡಿ. ಮಕ್ಕಳು ಚಿತ್ರ ಬರೆದುಕೊಂಡು ಬಂದು, ಅದಕ್ಕೆ ನಮ್ಮೂರಲ್ಲಿ ಏನೆನ್ನುತ್ತಾರೆ ಎಂದು ಅಜ್ಜಿಯನ್ನು ಕೇಳಲಿ.