ನಡುಗುವ ಕೈಯ ಬಸಿ

ಬೀದರ್ ಜಿಲ್ಲೆಯ ಡಾಬಕಾದಂಥ ಊರಿನ ಒಂದು ಚಹಾದಂಗಡಿ ಅಂದುಕೊಳ್ಳಿ. ಬೆಳಿಗ್ಗೆ ಏಳು. ಬಸಿಗೆ ಚಹಾ ಸುರುವಿಕೊಂಡವನ ಕೈ ನಡುಗಿ ಅರ್ಧ ಚಹಾ ಅಂಗಿಯ ಮೇಲೆ. 'ಕಾಕಾ, ನಿನ್ನಿಯಿಂದ ಬಿಟ್ಟೀನಿ' ಅಂತಾನೆ. ಕೂತವರು ನಗುತ್ತಾರೆ. ನಾವಿದ್ದರೂ ನಗುತ್ತಿದ್ದೆವೇನೋ.

ಅದು ನಗುವಂಥ ನಡುಕವಲ್ಲ. ವರ್ಷಗಟ್ಟಲೆ ದಿನಾ ವಿಪರೀತ ಸೆರೆ ಕುಡಿದ ಮೈ ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ನಡುಗುತ್ತದೆ, ಬೆವರುತ್ತದೆ. ಮೊದಲ 48 ಗಂಟೆಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಮೂರ್ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ ಹುಳುಗಳು ಗೋಡೆಯ ಮೇಲೆ ಹರಿದಾಡುವುದು ಕಾಣುತ್ತದೆ, ಹೆಂಡತಿ-ಮಕ್ಕಳ ಗುರುತು ಹತ್ತುವುದಿಲ್ಲ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುವವರಿದ್ದಾರೆ. ಜೀವವನ್ನೇ ತೆಗೆಯಬಲ್ಲ ಸ್ಥಿತಿ ಅದು, ಒಯ್ಯಬೇಕಾದ್ದು ದವಾಖಾನೆಗೆ. ಅಲ್ಲಿ ನಡುಕ ತಗ್ಗಿಸುವ ಔಷಧ ಕೊಡುತ್ತಾರೆ, ಮಿದುಳಿನ ರಕ್ಷಣೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ, ಕೊಡುತ್ತಾರೆ.

ಚಟ ಬಿಡಿಸುವ ಮಾತು ಬಂದರೆ ನೆನಪಾಗುವವರು ಇಳಕಲ್ಲಿನ ಮಹಾಂತ ಸ್ವಾಮೀಜಿ. 1975ರಲ್ಲಿ ಅವರು ಜೋಳಿಗೆ ಹಿಡಿದು ಹೊರಟರು. ಕಾಳು-ಕಡಿ ಬೇಡಲಿಲ್ಲ, ಜನರ ಚಟ ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಚಟ ಹಾಕಲು ಒಂದು ಗಳಿಗೆ ಸಾಕು. ನನ್ನನ್ನು ಕಾಡುವುದು ಮರುದಿನದ ಬೆಳಗು. ದಿಕ್ಕು ತೋಚದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಇದೆ, ಹಗಲು-ರಾತ್ರಿ, ಕನ್ನಡದಲ್ಲೇ. ಫಿಟ್ಸ್ ಬಂದರಂತೂ ನೇರ 108 ಆಂಬುಲೆನ್ಸ್.

ಚಹಾದಂಗಡಿಯ ಕಾಕಾ ಬಸಿ ಬದಿಗಿಟ್ಟು, ಸ್ಟೀಲ್ ಲೋಟಕ್ಕೆ ಅರ್ಧವೇ ಚಹಾ ಹಾಕಿ ಕೊಡುತ್ತಾನೆ. 'ಎರಡೂ ಕೈಲೆ ಹಿಡಿ ತಮ್ಮಾ. ಬಸ್ ಬರಲಿ, ದವಾಖಾನಿಗಿ ನಾನೂ ಬರ್ತೀನಿ.'