ದೇಹದ ಹೊರಮೈ ಮತ್ತು ಔಷಧದ ಅಳತೆ



ಮುಂಬಯಿಯ ಸಾಂತಾಕ್ರೂಜ್ ಪರಿಸರದಲ್ಲಿ ಕರಾವಳಿ ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳು ಅನೇಕ. ಊರಿನ ಬಂಧುಗಳು ಕ್ಯಾನ್ಸರ್ ರೋಗಕ್ಕೆ ತುತ್ತಾದಾಗ ಇಂಥ ಮನೆಗಳಲ್ಲಿ ಇಳಿದುಕೊಂಡು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗಿಬರುವುದುಂಟು. 1941ರಲ್ಲಿ ಆರಂಭವಾದ ಈ ಆಸ್ಪತ್ರೆಯು 1962ರಿಂದ ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ.

ಕ್ಯಾನ್ಸರ್ ಔಷಧ ಕೊಡುವ ಮುನ್ನ ರೋಗಿಯ ಎತ್ತರ ಮತ್ತು ತೂಕವನ್ನು ಅಳೆಯುವುದು ಬರಿಯ ವಾಡಿಕೆಯಲ್ಲ. ಇಂಥ ಹಲವು ಔಷಧಗಳ ಪ್ರಮಾಣವನ್ನು ದೇಹದ ಹೊರಮೈ ವಿಸ್ತೀರ್ಣದ ಆಧಾರದಿಂದ ನಿರ್ಧರಿಸಲಾಗುತ್ತದೆ. ಪ್ರಮಾಣ ಹೆಚ್ಚಾದರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕಡಿಮೆಯಾದರೆ ರೋಗ ಹತೋಟಿಗೆ ಬಾರದಿರಬಹುದು.

ಚರ್ಮವನ್ನು ಅಳತೆಪಟ್ಟಿಯಿಂದ ಅಳೆಯುವುದು ಸಾಧ್ಯವಿಲ್ಲ. 1916ರಲ್ಲಿ ಅಮೆರಿಕದ ಡೆಲಫೀಲ್ಡ್ ಡೂಬಾಯ್ಸ್ ಮತ್ತು ಯೂಜೀನ್ ಡೂಬಾಯ್ಸ್ ಅವರು ಕೇವಲ ಒಂಬತ್ತು ಮಂದಿಯ ಮೈಯಳತೆಯಿಂದ ಒಂದು ಸೂತ್ರವನ್ನು ರೂಪಿಸಿದರು. 1987ರಲ್ಲಿ ಮೋಸ್ಟೆಲ್ಲರ್ ಅವರು ಅದಕ್ಕಿಂತ ಸುಲಭವಾದ ಸೂತ್ರವನ್ನು ಪ್ರಕಟಿಸಿದರು. ಸೆಂಟಿಮೀಟರುಗಳಲ್ಲಿರುವ ಎತ್ತರವನ್ನು ಕಿಲೋಗ್ರಾಮುಗಳಲ್ಲಿರುವ ತೂಕದಿಂದ ಗುಣಿಸಿ, 3,600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ವಿಸ್ತೀರ್ಣವು ಚದರ ಮೀಟರುಗಳಲ್ಲಿ ದೊರೆಯುತ್ತದೆ.

ಉದಾಹರಣೆಗೆ, 150 ಸೆಂಟಿಮೀಟರ್ ಎತ್ತರ ಹಾಗೂ 54 ಕಿಲೋಗ್ರಾಂ ತೂಕದ ಮಹಿಳೆಯೊಬ್ಬರನ್ನು ಪರಿಗಣಿಸಬಹುದು. ಗುಣಲಬ್ಧ 8,100, ಭಾಗಲಬ್ಧ 2.25, ವರ್ಗಮೂಲ 1.5. ಚದರ ಮೀಟರಿಗೆ 100 ಮಿಲಿಗ್ರಾಂ ಎಂದು ವಿಧಿಸಿದ್ದಲ್ಲಿ ಔಷಧದ ಪ್ರಮಾಣ 150 ಮಿಲಿಗ್ರಾಂ. ಊಟ ಸೇರದೆ ಅವರ ತೂಕ 48 ಕಿಲೋಗ್ರಾಮಿಗೆ ಇಳಿದರೆ ವಿಸ್ತೀರ್ಣ ಸುಮಾರು 1.41 ಆಗುತ್ತದೆ, ಔಷಧ 141 ಮಿಲಿಗ್ರಾಂ ಸಾಕಾಗುತ್ತದೆ. ಆದುದರಿಂದಲೇ ಪ್ರತಿ ಸರದಿಗೂ ಹೊಸದಾಗಿ ತೂಕ ನೋಡಬೇಕಾಗುತ್ತದೆ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. 100 ಸೆಂಟಿಮೀಟರ್ ಎತ್ತರದ, 16 ಕಿಲೋಗ್ರಾಂ ತೂಕದ ಮಗುವಿನ ಹೊರಮೈ ಸುಮಾರು 0.67 ಚದರ ಮೀಟರ್. ತೂಕದಲ್ಲಿ ಆ ಮಗು ಮೇಲಿನ ಮಹಿಳೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಹೊರಮೈಯಲ್ಲಾದರೋ ಐದನೆಯ ಎರಡು ಭಾಗಕ್ಕಿಂತ ಹೆಚ್ಚು. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದಾಗ ಹೊರಮೈ ಹೆಚ್ಚಾಗಿರುವುದೇ ಇದಕ್ಕೆ ಕಾರಣ.

ಆದರೆ ಈ ಲೆಕ್ಕ ವೈದ್ಯರ ವಿವೇಚನೆಗೆ ಬದಲಿಯಲ್ಲ. ಮೂತ್ರಪಿಂಡ ಹಾಗೂ ಯಕೃತ್ತುಗಳ ಸ್ಥಿತಿ, ರಕ್ತಪರೀಕ್ಷೆಯ ಫಲಿತಾಂಶ ಇವುಗಳನ್ನೂ ಅವರು ಗಮನಿಸುತ್ತಾರೆ. ಎಲ್ಲ ಔಷಧಗಳಿಗೂ ಈ ಸೂತ್ರ ಅನ್ವಯಿಸುವುದಿಲ್ಲ. ಹೊಟ್ಟೆಯಲ್ಲಿಯೋ ಕಾಲುಗಳಲ್ಲಿಯೋ ನೀರು ತುಂಬಿಕೊಂಡಿದ್ದರೆ ತಕ್ಕಡಿ ತೋರಿಸುವ ತೂಕವೂ ದಾರಿ ತಪ್ಪಿಸಬಹುದು. ಅದನ್ನು ವೈದ್ಯರ ಗಮನಕ್ಕೆ ತರಬೇಕು.

ರೋಗಿಯ ಜೊತೆಗೆ ಹೋಗುವವರು ಮಾಡಬೇಕಾದುದು ಇಷ್ಟೇ: ಹಳೆಯ ತೂಕವನ್ನು ನೆನಪಿನಿಂದ ಹೇಳದೆ ಮತ್ತೆ ತೂಗಿಸುವುದು; ಪಾದರಕ್ಷೆ ಕಳಚಿಸಿ ಎತ್ತರ ಅಳೆಯಿಸುವುದು; ತೂಕ ಇಳಿದಿದ್ದರೆ ಸಂಕೋಚವಿಲ್ಲದೆ ತಿಳಿಸುವುದು. ಸರಿಯಾದ ಚಿಕಿತ್ಸೆಗೆ ಸರಿಯಾದ ಅಳತೆಯೇ ಮೊದಲ ಮೆಟ್ಟಿಲು.